ಓದದೆ ಮೆಚ್ಚಿದ ಹತ್ತು ಪುಸ್ತಕಗಳು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಐದನೆಯ ಪುಟಕ್ಕೆ 'ಸಂಪಾದಕರ ಮೆಚ್ಚಿನ ಹತ್ತು' ಎಂದು ಹೆಸರು. ಪ್ರತಿ ವರ್ಷ ವಿದ್ಯಾರ್ಥಿ ಸಂಪಾದಕರಾದವರು ಅಲ್ಲಿ ತಮ್ಮ ಫೋಟೋ ಹಾಕಿಸಿ, ಅದರ ಕೆಳಗೆ ತಾವು ಮೆಚ್ಚಿದ ಹತ್ತು ಪುಸ್ತಕಗಳ ಪಟ್ಟಿ ಕೊಟ್ಟು, ಒಂದೊಂದರ ಮುಂದೆ ಎರಡೆರಡು ಸಾಲು ಬರೆಯಬೇಕು. ಯಾವ ಕಾಲೇಜು ಎಂದು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಒಂದು ಊರು ಅಂದುಕೊಳ್ಳಿ, ಸಾಕು. ಹೇಳಿದರೆ ಇವತ್ತಿಗೂ ಒಂದಿಬ್ಬರಿಗೆ ಮೈ ಉರಿಯುತ್ತದೆ. ಉರಿಯಲಿ, ನನಗೇನೂ ಬೇಜಾರಿಲ್ಲ, ಆದರೆ ಹೆಸರು ಹಿಡಿದು ಉರಿಸುವ ಚಪಲ ನನಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಾನಹೊಸಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಬಿ.ಎ. ಕೊನೆಯ ವರ್ಷದ ಹುಡುಗಿ. ಪ್ರಬಂಧ ಸ್ಪರ್ಧೆಯಲ್ಲಿ ಎರಡು ಸಲ ಮೊದಲು ಬಂದಿದ್ದಕ್ಕೆ ನನ್ನನ್ನು ಸಂಪಾದಕಿ ಮಾಡಿದರು. ಹುಡುಗಿಯೊಬ್ಬಳು ಸಂಪಾದಕಿಯಾಗಿದ್ದು ಅದೇ ಮೊದಲು. ಕನ್ನಡ ಮೇಷ್ಟ್ರು ನನ್ನನ್ನು ಕರೆದು, ಕೆಲಸ ಕಷ್ಟದ್ದೇನಲ್ಲ, ಹಳೆಯ ಸಂಚಿಕೆ ನೋಡಿ ಹಾಗೆಯೇ ಮಾಡಿದರಾಯಿತು ಎಂದರು. ನಾನು ಹೇಳಿದ ಮಾತು ಕೇಳುವವಳು. ಸ್ಟಾಫ್ ರೂಮಿನ ಬೀರುವಿನಿಂದ ಹಳೆಯ ಸಂಚಿಕೆಗಳನ್ನೆಲ್ಲ ಇಳಿಸಿಕೊಂಡು ಒಂದು ಮಧ್ಯಾಹ್ನ ಕೂತು ನೋಡಿದೆ.

ಎಲ್ಲ ವರ್ಷವೂ ಅವೇ ಹತ್ತು ಪುಸ್ತಕ. ಒಬ್ಬ ಮೂರನೆಯದನ್ನು ಏಳನೆಯದು ಮಾಡಿದ್ದ, ಇನ್ನೊಬ್ಬ ಏಳನೆಯದನ್ನು ಒಂದನೆಯದು ಮಾಡಿದ್ದ, ಅಷ್ಟೇ ವ್ಯತ್ಯಾಸ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಫೋಟೋದಲ್ಲಿ ಮಾತ್ರ ಮೀಸೆ ಬದಲಾಗುತ್ತ ಹೋಗಿತ್ತು. ಎಲ್ಲಕ್ಕಿಂತ ಹಳೆಯ ಸಂಚಿಕೆಯಲ್ಲಿದ್ದ ಚಿಗುರುಮೀಸೆ ನಮ್ಮ ಕನ್ನಡ ಮೇಷ್ಟ್ರದೇ. ಅವರು ಅದೇ ಕಾಲೇಜಿನಲ್ಲಿ ಓದಿ ಅಲ್ಲಿಗೇ ಮೇಷ್ಟ್ರಾಗಿ ಬಂದವರು. ಆ ಪುಟವನ್ನು ಶುರುಮಾಡಿದ್ದೂ ಅವರೇ, ಆ ಹತ್ತನ್ನು ಆರಿಸಿದ್ದೂ ಅವರೇ.

ಹತ್ತರಲ್ಲಿ ಒಂದು ದೊಡ್ಡ ಕಾದಂಬರಿ ಎರಡು ನಂಬರು ನುಂಗಿಕೊಂಡಿತ್ತು, ಭಾಗ ಒಂದು ಮತ್ತು ಭಾಗ ಎರಡು. ಎರಡನೆಯ ಭಾಗದ ಮುಂದೆ ಪ್ರತಿಯೊಬ್ಬ ಸಂಪಾದಕನೂ 'ಇಲ್ಲಿ ಕಾದಂಬರಿ ತನ್ನ ಶಿಖರವನ್ನು ಮುಟ್ಟುತ್ತದೆ' ಎಂದು ಬರೆದಿದ್ದ. ಇಷ್ಟು ಜನ ಮೆಚ್ಚಿದ್ದನ್ನು ಓದದೆ ನಾನು ಸಂಪಾದಕಿ ಅನ್ನಿಸಿಕೊಳ್ಳುವುದು ಹೇಗೆ ಅಂತ ಎರಡನ್ನೂ ತೆಗೆದುಕೊಂಡೆ. ನಮ್ಮ ಲೈಬ್ರರಿಯಲ್ಲಿ ಪುಸ್ತಕ ಮುಟ್ಟುವ ಹಾಗಿರಲಿಲ್ಲ. ಜಾಲರಿಯ ಈಚೆ ನಿಂತು ಚೀಟಿ ಕೊಡಬೇಕು, ಅಟೆಂಡರ್ ಆಚೆಯಿಂದ ತಂದುಕೊಡಬೇಕು. ಎರಡನೆಯ ಭಾಗದ ಹಿಂಬದಿಯ ಚೀಟಿಯಲ್ಲಿ ಒಂದೇ ಒಂದು ತಾರೀಖಿನ ಮುದ್ರೆ ಇರಲಿಲ್ಲ. ಅಟೆಂಡರ್ ಮುದ್ರೆಯ ಪ್ಯಾಡು ಹುಡುಕಲಿಕ್ಕೇ ಹೊತ್ತು ತೆಗೆದುಕೊಂಡ.

ಮೊದಲ ಭಾಗವನ್ನು ಬಸ್ಸಿನಲ್ಲಿ ಎರಡು ವಾರ ಓದಿದೆ. ನಿಜ ಹೇಳುತ್ತೇನೆ, ಮೊದಲ ಇನ್ನೂರು ಪುಟ ಬರೀ ವಂಶಾವಳಿ. ಆಮೇಲೆ ಕತೆ ಹಿಡಿಯಿತು. ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಳ್ಳಲು ಕೂತಿರುವಾಗ ಹಿರಿಯ ಸೊಸೆ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಏನು ಹೇಳಿದಳು ಅಂತ ನನಗೆ ತಡೆಯಲಿಲ್ಲ. ಮರುದಿನ ಬಸ್ಸು ಹತ್ತಿದವಳೇ ಎರಡನೆಯ ಭಾಗ ತೆರೆದೆ. ಮೊದಲ ಸಾಲಿನಲ್ಲಿ ಕುರಿಗಳಿಗೆ ಕಾಲುಬಾಯಿ ರೋಗ ಬಂದಾಗ ಅವುಗಳನ್ನು ಹಿಂಡಿನಿಂದ ಬೇರೆ ಕಟ್ಟಬೇಕು ಎಂದಿತ್ತು. ಮುಂದಿನ ಪುಟದಲ್ಲಿ ಕುರಿಗೊಬ್ಬರ. ಕೊನೆಯ ಪುಟದವರೆಗೂ ಕುರಿಯೇ. ಮೇಲೆ ರಟ್ಟು, ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಕಾದಂಬರಿಯ ಹೆಸರು, ಒಳಗೆ ಕುರಿ ಸಾಕಾಣಿಕೆ. ನಾನು ನಕ್ಕ ರಭಸಕ್ಕೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಒಳರಟ್ಟಿನ ಮೇಲೆ ಬೈಂಡಿಂಗ್ ಅಂಗಡಿಯ ಚೀಟಿ ಅಂಟಿಸಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಅಂಗಡಿ, ಎಲ್ಲರೂ ಬೈಂಡಿಂಗ್ ಚಾಚಾ ಎನ್ನುತ್ತಿದ್ದ ಮುದುಕರದು. ಪುಸ್ತಕ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ಎದ್ದು ಒಳಗೆ ಹೋದರು, ಮೇಲಿನ ಅಟ್ಟದಿಂದ ಇನ್ನೊಂದು ಪುಸ್ತಕ ತಂದು ಧೂಳು ಕೊಡವಿ ಕೊಟ್ಟರು. ಬೆನ್ನಿನ ಮೇಲೆ ಕುರಿ ಸಾಕಾಣಿಕೆ ಎಂದಿತ್ತು. ತೆರೆದರೆ ಹಿರಿಯ ಸೊಸೆ ಮಾತಾಡುತ್ತಿದ್ದಳು.

ಆದದ್ದು ಇಷ್ಟು. ಆ ಕಾದಂಬರಿ ಬರೆದವರು ಅದನ್ನು ಎರಡು ಭಾಗ ಮಾಡಿರಲೇ ಇಲ್ಲ. ಇಟ್ಟಿಗೆಯಷ್ಟು ದಪ್ಪದ ಒಂದೇ ಪುಸ್ತಕ, ಬೆನ್ನು ಕಿತ್ತುಹೋಗಿತ್ತು. ಕಾಲೇಜಿನವರು ಎರಡಾಗಿ ಕಟ್ಟಿಕೊಡಿ ಎಂದು ಕೊಟ್ಟರು. ಆಗಲೇ ಕುರಿ ಸಾಕಾಣಿಕೆಯ ಯಾವುದೋ ಆಫೀಸಿನ ಪುಸ್ತಕವೂ ಚಾಚಾ ಹತ್ತಿರ ಕಟ್ಟಲು ಬಂದಿತ್ತು. ಎರಡರದೂ ಒಂದೇ ಅಳತೆ, ರಟ್ಟು ಅದಲುಬದಲಾಯಿತು. ಕುರಿಯ ಆಫೀಸರು ವರ್ಗವಾಗಿ ಹೋದರು, ಅವರ ಪುಸ್ತಕ ಕೇಳಲು ಯಾರೂ ಬರಲಿಲ್ಲ. ತಪ್ಪು ಗೊತ್ತಾದ ಮೇಲೆ ಚಾಚಾ ತಾವಾಗಿ ಹೋಗಿ ಹೇಳಲಿಲ್ಲ.

"ಓದಿದವ್ರು ಬಂದ ಬರ್ತಾರ ಅಂತ ಇಟ್ಟಿದ್ದೆ, ಬೇಟಾ," ಎಂದರು. "ನಿಮ್ಮ ಮೇಷ್ಟ್ರು ಅಲ್ಲಿ ಓದೋ ಹುಡುಗ ಇದ್ದಾಗಿಂದ ಕಾಯಾಕತ್ತೀನಿ. ನೀನ ಮೊದಲು ಬಂದಾಕಿ."

ಆ ಅರ್ಧವನ್ನು ಎರಡೇ ದಿನದಲ್ಲಿ ಓದಿ ಮುಗಿಸಿದೆ. ಚೆನ್ನಾಗಿತ್ತು, ಮೊದಲರ್ಧಕ್ಕಿಂತ ಎಷ್ಟೋ ಚೆನ್ನಾಗಿತ್ತು. ಶಿಖರವಂತೂ ಇತ್ತು, ಹತ್ತಿದವರೇ ಇರಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ನನ್ನ ಪಟ್ಟಿಯಲ್ಲಿ ನಾನು ಓದಿದ್ದು ಮಾತ್ರ ಇರುತ್ತದೆ.

ನಾನು ಓದಿದ್ದೇನು ಅಂತ ಈಗ ಹೇಳಬೇಕು. ನಮ್ಮಪ್ಪನದು ಕಾನಹೊಸಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ಮನೆಗೆ ಅಂಗಡಿಯಿಂದ ಪುಸ್ತಕ ಕೊಂಡು ತಂದದ್ದು ನನಗೆ ನೆನಪಿಲ್ಲ. ನಮ್ಮ ಓಣಿಯ ಐದು ಮನೆಯ ಹೆಂಗಸರು ಸೇರಿ ಒಂದು ವಾರಪತ್ರಿಕೆ ತರಿಸುತ್ತಿದ್ದರು. ಐದೂ ಮನೆ ಸುತ್ತಿ ಕೊನೆಗೆ ಅದು ನಮ್ಮ ಮನೆಗೆ ಬರುತ್ತಿತ್ತು. ಆಗ ನಮ್ಮವ್ವ ಅದರಲ್ಲಿನ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಎತ್ತಿಡುತ್ತಿದ್ದಳು. ಕತೆ ಮುಗಿದ ಮೇಲೆ ಎಲ್ಲ ಹಾಳೆ ಜೋಡಿಸಿ, ದಬ್ಬಣದಿಂದ ತೂತು ಹೊಡೆದು, ದಪ್ಪ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿದರೆ ಅದೊಂದು ಪುಸ್ತಕ. ಅಂಥವು ನಮ್ಮ ಟ್ರಂಕಿನಲ್ಲಿ ಇಪ್ಪತ್ತರ ಮೇಲಿದ್ದವು. ಓಣಿಯ ಹೆಂಗಸರು ಸಕ್ಕರೆ ಕಡ ಕೇಳುವಂತೆ ಬಂದು ಕೇಳಿ ಒಯ್ಯುತ್ತಿದ್ದರು. ಅವ್ವ ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ದುಃಖದ ಜಾಗ ಬಂದರೆ ರೊಟ್ಟಿಯ ಸಪ್ಪಳ ನಿಂತುಬಿಡುತ್ತಿತ್ತು. ಅಪ್ಪ ಉಣ್ಣಲು ಬಂದು, ಇವತ್ತು ಯಾರು ಸತ್ತರು ಎಂದು ಕೇಳುತ್ತಿದ್ದ. ಇವುಗಳ ಜೊತೆಗೆ ಗಿರಣಿಯಲ್ಲಿ ಪಾಳಿ ನೋಡಿಕೊಳ್ಳುತ್ತ ಕೂತು ಓದಿದ, ಬೀಸಿಸಲು ಬಂದವರು ಬಿಟ್ಟುಹೋದ ಪತ್ತೇದಾರಿ ಪುಸ್ತಕಗಳು. ಅವುಗಳ ಕೊನೆಯ ಪುಟವನ್ನು ಮೊದಲು ಓದಿ, ಕೊಲೆಗಾರ ಯಾರೆಂದು ತಿಳಿದುಕೊಂಡು, ಅವನು ಹೇಗೆ ಸುಳ್ಳು ಹೇಳುತ್ತಾನೆ ಅಂತ ನೋಡುತ್ತ ಓದುವುದು ನನ್ನ ಅಭ್ಯಾಸ. ಅದು ತಪ್ಪು ಅಂತ ಬಹಳ ಜನ ಹೇಳಿದ್ದಾರೆ. ಈಗಲೂ ಹಾಗೇ ಓದುತ್ತೇನೆ.

ಪಟ್ಟಿಯಲ್ಲಿ ಒಂದನೆಯ ನಂಬರು ಯಾವುದಕ್ಕೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೊಲಿದ ಪುಸ್ತಕಗಳಲ್ಲಿ ಒಂದು ಶಾಲೆಯ ಟೀಚರಮ್ಮನ ಕತೆ. ಗಂಡನ ಮನೆಯವರು ಕೆಲಸ ಬಿಡು ಎನ್ನುತ್ತಾರೆ, ಅವಳು ಟ್ರಂಕು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ಮಾವ ಹಿಂದೆಯೇ ಬಂದು ನಾಲ್ಕು ಜನರ ಮುಂದೆ ಮನೆಗೆ ನಡೆ ಎನ್ನುತ್ತಾನೆ. ಅವಳು ಅಳುವುದಿಲ್ಲ, ಕೂಗಾಡುವುದಿಲ್ಲ. ಟ್ರಂಕು ಬಸ್ಸಿನ ಮೇಲೆ ಏರಿದೆ, ಇಳಿಸಬೇಕೆಂದರೆ ಎಲ್ಲರಿಗೂ ಹೊತ್ತಾಗುತ್ತದೆ, ನನ್ನ ಸಲುವಾಗಿ ಇಷ್ಟು ಜನರ ಬಸ್ಸು ಯಾಕೆ ನಿಲ್ಲಬೇಕು ಎಂದು ಹೇಳಿ ಹೋಗಿ ಸೀಟಿನಲ್ಲಿ ಕೂರುತ್ತಾಳೆ. ಹನ್ನೆರಡನೆಯ ವಯಸ್ಸಿನಲ್ಲಿ ಇದನ್ನು ಕೇಳಿದಾಗಿನಿಂದ ಎದುರುತ್ತರ ಕೊಡುವುದು ಅಂದರೆ ಹೀಗೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ನಮ್ಮ ಹೊಲಿದ ಪುಸ್ತಕದಲ್ಲಿ ಆ ವಾರದ ಹಾಳೆ ಇರಲಿಲ್ಲ, ಎಲ್ಲೋ ಕಳೆದಿದೆ ಅಂದುಕೊಂಡಿದ್ದೆ. ಆ ಭಾಗವನ್ನು ಅವ್ವ ಬಾಯಲ್ಲಿ ಹೇಳುತ್ತಿದ್ದಳು. ಎರಡು ಸಾಲು ಸರಿಯಾಗಿ ಎತ್ತಿ ಬರೆಯೋಣ ಎಂದು ಲೈಬ್ರರಿಯಲ್ಲಿದ್ದ ಹಳೆಯ ವಾರಪತ್ರಿಕೆಗಳ ಕಟ್ಟು ತರಿಸಿಕೊಂಡು ಆ ವಾರದ್ದನ್ನು ಹುಡುಕಿದೆ, ಸಿಕ್ಕಿತು. ಅದರಲ್ಲಿ ಬಸ್ಸೂ ಇರಲಿಲ್ಲ, ಟ್ರಂಕೂ ಇರಲಿಲ್ಲ. ಟೀಚರಮ್ಮ ಬಸ್ ಸ್ಟ್ಯಾಂಡಿನಿಂದ ತಾನೇ ವಾಪಸು ಬಂದು, ಮಾವನ ಕಾಲು ಹಿಡಿದು ನಾಲ್ಕು ಕಾಲಂ ಅತ್ತು, ಅವನ ಅಪ್ಪಣೆ ಪಡೆದು ಕೆಲಸಕ್ಕೆ ಹೋಗುತ್ತಾಳೆ.

ಸಂಜೆ ಅವ್ವನನ್ನು ಕೇಳಿದೆ. ಮೊದಲು ಅವಳು ಒಲೆಯ ಕಡೆ ಮುಖ ಮಾಡಿ ಏನೋ ಕೆದಕಿದಳು. ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟಳು. ಆ ವಾರ ಪತ್ರಿಕೆ ಊರಿಗೇ ಬರಲಿಲ್ಲವಂತೆ. ಮುಂದಿನ ವಾರದಲ್ಲಿ ಟೀಚರಮ್ಮ ಪಾಠ ಮಾಡುತ್ತಿದ್ದಳು. ನಡುವೆ ಏನಾಯಿತು ಅಂತ ಎದುರುಮನೆಯಾಕೆ ಜೀವ ತಿಂದಳಂತೆ. ಪತ್ರಿಕೆ ನಾನು ಬೇರೆ ಕಡೆ ಓದಿದೆ ಎಂದು ಹೇಳಿ, ಅವ್ವ ತಾನೇ ಕಟ್ಟಿ ಹೇಳಿದಳು. ಐದೂ ಮನೆಯವರು ನಂಬಿದರು, ನಾನೂ ನಂಬಿದೆ.

"ಯಾರ ಮುಂದೂ ಅನಬ್ಯಾಡವಾ," ಎಂದಳು. "ಏಳನೇ ಕ್ಲಾಸ್ ಓದಿದಾಕಿ ಕತಿ ಕಟ್ಟಾಕತ್ಯಾಳ ಅಂತ ನಗ್ತಾರ."

ಹೂಂ ಎಂದೆ. ಆ ಹೂಂ ಸುಳ್ಳು ಅಂತ ನನಗೆ ಆಗಲೇ ಗೊತ್ತಿತ್ತು. ಅವಳ ಮಾತು ಮೀರಿದ್ದಕ್ಕೆ ಇವತ್ತಿಗೂ ನನಗೆ ಸ್ವಲ್ಪ ಅಳುಕಿದೆ, ಪಶ್ಚಾತ್ತಾಪ ಮಾತ್ರ ಇಲ್ಲ. ಮರುದಿನ ಪಟ್ಟಿ ಬರೆದೆ. ಒಂದನೆಯದು ಆ ಹೊಲಿದ ಪುಸ್ತಕ, ಅದರ ಮುಂದೆ ಹೀಗೆ ಬರೆದೆ: 'ಇದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಧ್ಯಾಯ ಪತ್ರಿಕೆಯಲ್ಲಿ ಬಂದದ್ದಲ್ಲ. ಅದನ್ನು ರೊಟ್ಟಿ ಬಡಿಯುತ್ತ ನಮ್ಮವ್ವ ಕಟ್ಟಿದ್ದು.' ಆಮೇಲೆ ಇನ್ನೂ ನಾಲ್ಕು ಹೊಲಿದ ಪುಸ್ತಕ, ನಾಲ್ಕು ಪತ್ತೇದಾರಿ. ಹತ್ತನೆಯದಾಗಿ ಆ ದೊಡ್ಡ ಕಾದಂಬರಿಯ ಎರಡನೆಯ ಅರ್ಧ. ಅದರ ಮುಂದೆ, ಲೈಬ್ರರಿಯಲ್ಲಿರುವುದು ಕುರಿ ಸಾಕಾಣಿಕೆ, ಕಾದಂಬರಿ ಬೇಕಾದವರು ಬೈಂಡಿಂಗ್ ಅಂಗಡಿಯಲ್ಲಿ ಕೇಳಬಹುದು ಎಂದು ಬರೆದೆ.

ಮೇಷ್ಟ್ರು ಪಟ್ಟಿ ಓದಿ ಕನ್ನಡಕ ತೆಗೆದಿಟ್ಟರು. ಮೊದಲು ಸಮಾಧಾನದಿಂದಲೇ ಹೇಳಿದರು. ಸಂಚಿಕೆ ಯೂನಿವರ್ಸಿಟಿಗೆ ಹೋಗುತ್ತದೆ, ನಾಲ್ಕು ಜನ ದೊಡ್ಡವರು ನೋಡುತ್ತಾರೆ, ಸಂಪಾದಕಿಯ ಅಭಿರುಚಿ ಅಡುಗೆಮನೆ ದಾಟಿಲ್ಲ ಎಂದರೆ ಕಾಲೇಜಿನ ಮರ್ಯಾದೆ ಏನಾಯಿತು ಎಂದು ಕೇಳಿದರು. ಪತ್ತೇದಾರಿಗಳನ್ನು ಬೇಕಾದರೆ ಎರಡಕ್ಕೆ ಇಳಿಸು, ಕುರಿಯ ವಿಷಯ ಬರೆಯಬೇಡ, ಮೊದಲನೆಯದನ್ನಂತೂ ಪೂರ್ತಿ ಹೊಡೆದುಹಾಕು ಎಂದರು.

"ತಾಯಿ ಮೇಲೆ ಪ್ರೀತಿ ಇರ್ಲಮ್ಮ, ಬ್ಯಾಡ ಅನ್ನಲ್ಲ. ಅದು ಸಾಹಿತ್ಯ ಅಲ್ಲ."

ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಪ್ರೀತಿಯ ಮಾತು ಯಾರು ಎತ್ತಿದ್ದರು? ನಾನು ಬರೆದದ್ದು ಅಧ್ಯಾಯ ಚೆನ್ನಾಗಿದೆ ಅಂತ. ಚೀಲದಿಂದ ಎರಡನೆಯ ಭಾಗ ತೆಗೆದು, ರಟ್ಟು ಮುಚ್ಚಿದ ಹಾಗೆಯೇ ಅವರ ಮೇಜಿನ ಮೇಲಿಟ್ಟೆ.

"ಸರ, ಎರಡನೇ ಭಾಗದಾಗ ಹಿರೇ ಸೊಸಿ ಏನಂತಾಳ, ಅದೊಂದು ಹೇಳ್ರಿ. ನಾ ಪಟ್ಟಿ ಹರಿದು ಹಾಕ್ತೀನಿ."

ಅವರು ನನ್ನ ಮುಖ ನೋಡಿದರು, ಪುಸ್ತಕ ನೋಡಿದರು, ತೆರೆಯಲಿಲ್ಲ. ಕಿಟಕಿಯ ಕಡೆ ತಿರುಗಿ, ಓದಿ ಬಹಳ ವರ್ಷವಾಯಿತು ಎಂದರು. ಆಮೇಲೆ ದನಿ ಏರಿಸಿ, ಕೊನೆಯ ಪ್ರೂಫಿನಲ್ಲಿ ಆ ಪುಟವನ್ನು ತಾವೇ ಸರಿಮಾಡುವುದಾಗಿ ಹೇಳಿ ನನ್ನನ್ನು ಕಳಿಸಿದರು. ನನ್ನ ಹೆಸರಿನ ಕೆಳಗೆ, ನನ್ನ ಫೋಟೋದ ಕೆಳಗೆ, ಓದದೆ ಮೆಚ್ಚಿದ ಅವೇ ಹಳೆಯ ಹತ್ತು ಪುಸ್ತಕ ಬರುವುದಿತ್ತು. ಅವ್ವನ ಅಧ್ಯಾಯ ಇಲ್ಲದ್ದಾಗಿ ಹೋಗುವುದಿತ್ತು. ಅವತ್ತು ಬಸ್ಸಿನಲ್ಲಿ ಊರು ಬರುವವರೆಗೂ ಅತ್ತೆ, ಊರು ಬಂದಮೇಲೆ ನಿಲ್ಲಿಸಿದೆ.

ಅಷ್ಟರಲ್ಲಿ ಮೇಷ್ಟ್ರಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಪರೀಕ್ಷೆಯ ಕೆಲಸ ಬಿತ್ತು. ಸಂಚಿಕೆ ವಾರ್ಷಿಕೋತ್ಸವಕ್ಕೆ ಬೇಕಿತ್ತು, ಅವರು ಬರುವವರೆಗೆ ಕಾಯುವಂತಿರಲಿಲ್ಲ. ಹರಪನಹಳ್ಳಿಯ ಪ್ರೆಸ್ಸಿಗೆ ಕೊನೆಯ ಪ್ರೂಫು ಒಯ್ದವಳು ನಾನು. ಸಂಪಾದಕಿ ಎಂದು ಸಹಿ ಹಾಕಿದವಳೂ ನಾನೇ. ಐದನೆಯ ಪುಟ ನಾನು ಬರೆದ ಹಾಗೆಯೇ ಅಚ್ಚಾಯಿತು. ಇದು ಮೋಸ ಅನ್ನುವವರು ಅನ್ನಲಿ. ಹದಿನೈದು ವರ್ಷ ಕುರಿಯನ್ನು ಶಿಖರ ಎಂದದ್ದಕ್ಕಿಂತ ದೊಡ್ಡ ಮೋಸವೇನಲ್ಲ.

ಇನ್ನೂ ಒಂದು ಕೆಲಸ ಮಾಡಿದೆ. ಹೊಲಿಯುವವರ ಮನೆಯಲ್ಲಿ ಬೆಳೆದವಳಿಗೆ ಒಂದು ವಿಷಯ ಗೊತ್ತಿರುತ್ತದೆ. ನಡುವೆ ಮಡಿಚಿ ಪಿನ್ನು ಹೊಡೆದ ಪುಸ್ತಕದಲ್ಲಿ ಹಾಳೆಗಳು ಒಂಟಿಯಾಗಿರುವುದಿಲ್ಲ, ಜೋಡಿಯಾಗಿರುತ್ತವೆ. ಮುಂದಿನದನ್ನು ಕಿತ್ತರೆ ಹಿಂದಿನ ಅದರ ಜೋಡಿಯೂ ಬಿಟ್ಟುಕೊಳ್ಳುತ್ತದೆ. ನಮ್ಮ ಸಂಚಿಕೆಗೆ ನಲವತ್ತೆಂಟು ಪುಟ. ಐದನೆಯ ಪುಟದ ಜೋಡಿ ನಲವತ್ತನಾಲ್ಕು. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅರವತ್ತು ತುಂಬಿದ್ದಕ್ಕೆ ಅವರ ಫೋಟೋ ಹಾಕಿ ಒಂದು ಅಭಿನಂದನೆಯ ಪುಟ ಮಾಡಿದ್ದೆವು. ಅದನ್ನು ಎಲ್ಲಿ ಹಾಕಲಿ ಎಂದು ಪ್ರೆಸ್ಸಿನವರು ಕೇಳಿದರು. ನಲವತ್ತನಾಲ್ಕಕ್ಕೆ ಹಾಕ್ರಿ ಎಂದೆ.

ವಾರ್ಷಿಕೋತ್ಸವದ ಹಿಂದಿನ ದಿನ ಸಂಚಿಕೆಯ ಕಟ್ಟುಗಳು ಬಂದವು. ಮೇಷ್ಟ್ರೂ ವಾಪಸು ಬಂದಿದ್ದರು. ಐದನೆಯ ಪುಟ ನೋಡಿದವರೇ ಅಟೆಂಡರನನ್ನು ಕರೆದು, ಎಲ್ಲ ಪ್ರತಿಯಿಂದಲೂ ಆ ಹಾಳೆ ಕಿತ್ತುಬಿಡು ಎಂದರು. ಅವನು ಸ್ಟಾಫ್ ರೂಮಿನ ನೆಲದ ಮೇಲೆ ಕೂತು ಮೊದಲನೆಯ ಪ್ರತಿಯಿಂದ ಹಾಳೆ ಎಳೆದ. ಹಿಂದಿನಿಂದ ಅಧ್ಯಕ್ಷರು ಜಾರಿ ಅವನ ತೊಡೆಯ ಮೇಲೆ ಬಿದ್ದರು. ಎರಡನೆಯದರಲ್ಲೂ ಬಿದ್ದರು. ಮೂರನೆಯದಕ್ಕೆ ಮೇಷ್ಟ್ರು ಅವನ ಕೈ ಹಿಡಿದರು. ಮರುದಿನ ಸಂಚಿಕೆ ಬಿಡುಗಡೆ ಮಾಡುವವರು ಅದೇ ಅಧ್ಯಕ್ಷರು. ನಾನು ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ನಗು ಬಂದರೂ ನಗಲಿಲ್ಲ, ಗೆದ್ದವಳು ನಗಬಾರದು ಅಂತ ಅಷ್ಟೊತ್ತಿಗೆ ನನಗೆ ತಿಳಿದಿತ್ತು.

ಸಂಚಿಕೆ ಹಂಚಿದರು. ಆ ಪುಟವನ್ನು ಹುಡುಗರು ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಓದಿದರು. ಕೆಲವರು ನನ್ನನ್ನು ಕಂಡರೆ ಕುರಿಯ ಹಾಗೆ ಅರಚಿದರು. ತೆಲಿಗಿಯಿಂದ ಬರುತ್ತಿದ್ದ ಮೊದಲ ವರ್ಷದ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ನನ್ನನ್ನು ತಡೆದು, ಅವರ ಮನೆಯಲ್ಲೂ ಹೊಲಿದ ಪುಸ್ತಕ ಇವೆ, ಅವು ಪುಸ್ತಕ ಅಂತ ಲೆಕ್ಕಕ್ಕೆ ಬರುತ್ತವೆಯೇ ಎಂದು ಕೇಳಿದಳು. ಬರುತ್ತವೆ ಎಂದೆ.

ಊರಿನಲ್ಲಿ ಮಾತ್ರ ಗೆದ್ದವಳ ಹಾಗೆ ಇರಲು ಆಗಲಿಲ್ಲ. ಎದುರುಮನೆಯಾಕೆಯ ಮಗ ನಮ್ಮ ಕಾಲೇಜಿನಲ್ಲೇ ಇದ್ದ. ನಾನು ತೋರಿಸುವ ಮೊದಲೇ ಅವ್ವನಿಗೆ ವಿಷಯ ಮುಟ್ಟಿತ್ತು. ಎದುರುಮನೆಯಾಕೆ ಬಾಗಿಲಲ್ಲಿ ನಿಂತು, ಇಷ್ಟು ವರ್ಷ ನಮ್ಮನ್ನು ಯಾಮಾರಿಸಿದೆ ಎಂದು ಹೇಳಿ ಹೋದಳಂತೆ. ಅವ್ವ ನನ್ನ ಕೂಡ ಮೂರು ದಿನ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ಎದ್ದು ಹೋಗುತ್ತಿದ್ದಳು. ನನ್ನ ಸಂಚಿಕೆ ಎರಡು ದಿನ ಕಾಣಲಿಲ್ಲ, ಆಮೇಲೆ ಹಿಟ್ಟಿನ ಬೆರಳಚ್ಚಿನ ಸಮೇತ ಇದ್ದಲ್ಲೇ ಬಂದು ಕೂತಿತ್ತು.

ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಕರಿ ಬೋರ್ಡೊಂದರ ಮೇಲೆ ಪ್ರತಿ ವರ್ಷದ ಸಂಪಾದಕರ ಹೆಸರು ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದರು. ನಾಲ್ಕನೆಯ ದಿನ ಮೇಷ್ಟ್ರು ಕರೆದು, ಗುರುಗಳ ಮಾತು ಮೀರಿ ಅಚ್ಚು ಹಾಕಿಸಿದ್ದಕ್ಕೆ ಕ್ಷಮೆ ಕೇಳಿ, ಪಟ್ಟಿಯಲ್ಲಿ ಬರೆದದ್ದು ಹುಡುಗಾಟಿಕೆ ಎಂದು ಎರಡು ಸಾಲು ಬರೆದುಕೊಡು, ಹೆಸರು ಬರೆಸುತ್ತೇನೆ, ಇಲ್ಲವಾದರೆ ಇಲ್ಲ ಎಂದರು. ಹೆಸರು ನನಗೆ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಹುಡುಗಿಯ ಹೆಸರು ಆ ಬೋರ್ಡಿನ ಮೇಲೆ ಒಂದೂ ಇರಲಿಲ್ಲ. ಮನೆಗೆ ಬಂದು ಉಣ್ಣುವಾಗ ಅಪ್ಪನಿಗೆ ಹೇಳಿದೆ. ಅಪ್ಪ, ಎರಡು ಸಾಲಿನಲ್ಲಿ ಏನು ಹೋಗುತ್ತದೆ, ಬರೆದು ಬಿಸಾಕು, ಹೆಸರು ಇದ್ದರೆ ನಾಳೆ ಕೆಲಸಕ್ಕೆ ಬರುತ್ತದೆ ಎಂದ. ನಾನು ಅನ್ನ ಕಲಸುತ್ತ ಕೂತೆ. ಅವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಅವಳನ್ನು ಕೇಳುವ ಧೈರ್ಯ ನನಗಿರಲಿಲ್ಲ, ಅವಳ ಸಲುವಾಗಿಯಾದರೂ ಬರೆದುಕೊಡಬೇಕೇನೋ ಅನ್ನಿಸಿತ್ತು.

ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವ್ವ ತಿರುಗಿದಳು.

"ಬರೀಬ್ಯಾಡ," ಎಂದಳು. "ಆ ವಾರದ ಪೇಪರಿನ್ಯಾಗಿಂದು ನಾನೂ ಓದೀನಿ, ನಿನ್ನೆ ಯಾರ್‍ನೋ ಹಿಡದು ನಿಮ್ಮ ಕಾಲೇಜಿನಿಂದ ತರಿಸಿದೆ. ಅದಕ್ಕಿಂತ ನಾ ಹೇಳಿದ್ದ ಚಲೋ ಐತಿ."

ನಾನು ಬರೆದುಕೊಡಲಿಲ್ಲ. ಆ ಬೋರ್ಡಿನಲ್ಲಿ ಆ ವರ್ಷದ ಮುಂದೆ ಇವತ್ತಿಗೂ ಹೆಸರಿಲ್ಲ.